ಅತಿ ವೇಗ, ತಿಥಿ ಬೇಗ

ಅಮೆರಿಕದ ಓಟಗಾರ ಡೆವೊನ್ ಆಲೆನ್ ತಲೆ ತಗ್ಗಿಸಿ ಟ್ರ್ಯಾಕ್ ಬಿಟ್ಟು ಹೋಗುವ ವಿಡಿಯೊ ಮತ್ತೆ ಮೊಬೈಲಿಗೆ ಬಂದು ಬಿದ್ದಿದೆ. 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್, 110 ಮೀಟರ್ ಹರ್ಡಲ್ಸ್ ಫೈನಲ್. ಗುಂಡು ಹಾರಿದ 0.099 ಸೆಕೆಂಡಿಗೆ ಆತ ಹೊರಟನೆಂದು ಓಟಗಾರರು ಕಾಲೂರುವ ಬ್ಲಾಕಿನ ಸೆನ್ಸರ್ ಚಾಡಿ ಹೇಳಿತು. 0.100 ಆಗಿದ್ದರೆ ಸಭ್ಯ ಓಟಗಾರ. ಒಂದು ಸಾವಿರಾಂಶ ಕಮ್ಮಿಯಾಯಿತು, ಕಳ್ಳ! ಗುಂಡು ಹಾರಿದ ಮೇಲೆಯೇ ಓಡಿದ್ದಲ್ಲವೇ ಸ್ವಾಮಿ ಅಂದರೆ, ಹೌದು, ಆದರೆ ಮನುಷ್ಯಮಾತ್ರದವನ ಕಿವಿ ಅಷ್ಟು ಚುರುಕಾಗಿರಕೂಡದು, ಸದ್ದು ಕೇಳುವ ಮೊದಲೇ ಊಹಿಸಿ ಹೊರಟನೆಂದೇ ಲೆಕ್ಕ.

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಗೆ ಉದ್ದಂಡ ನಮಸ್ಕಾರ. ಚುರುಕಿಗೇ ಚಿನ್ನ ಕೊಡುವ ಆಟದಲ್ಲಿ ಅತಿ ಚುರುಕಾದವನನ್ನು ಮನೆಗಟ್ಟುವ ನ್ಯಾಯ ಇನ್ನೆಲ್ಲಿ ಸಿಕ್ಕೀತು? ಈ 0.1 ಏನೂ ಬ್ರಹ್ಮಲಿಪಿಯಲ್ಲ. 2009ರಲ್ಲಿ ಫಿನ್ಲೆಂಡಿನ ಸಂಶೋಧಕರು ಇದೇ ಸಂಸ್ಥೆಗಾಗಿ ಓಟಗಾರರನ್ನು ಪರೀಕ್ಷಿಸಿ, ಮಿತಿಯನ್ನು 0.08ರ ಆಸುಪಾಸಿಗೆ ಇಳಿಸಿ ಎಂದಿದ್ದರು. ವರದಿಗಳ ಗತಿ ನಿಮಗೆ ಗೊತ್ತೇ ಇದೆ. ಮರುವರ್ಷ ಬಂದದ್ದು ಮೊದಲ ತಪ್ಪಿಗೇ ಗೇಟ್‌ಪಾಸ್ ಎಂಬ ನಿಯಮ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಕ್ಕೆ ಬಲಿಯಾದದ್ದು ಉಸೇನ್ ಬೋಲ್ಟ್. ಆತ ನಿಜಕ್ಕೂ ಮೊದಲೇ ಹಾರಿದ್ದ, ಅದು ಬೇರೆ ಮಾತು. ಆದರೂ ಮದುಮಗನನ್ನೇ ಹೊರಗೆ ಹಾಕಿ ಮದುವೆ ಮುಗಿಸಿದ ಹೆಗ್ಗಳಿಕೆ ಸಂಸ್ಥೆಯದು.

ಇವರಿಗೆ ತಕ್ಕ ಆಸಾಮಿ ಅಂದರೆ ಅಮೆರಿಕದ ಓಟಗಾರ ಜಾನ್ ಡ್ರಮಂಡ್. 2003, ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್, 100 ಮೀಟರ್. ಬೇಗ ಹೊರಟೆ, ಹೊರಗೆ ನಡಿ ಅಂದದ್ದೇ ತಡ, ಟ್ರ್ಯಾಕಿನ ಮೇಲೆ ಅಂಗಾತ ಮಲಗಿಬಿಟ್ಟ. 'ನಾನು ಅಲುಗಲೇ ಇಲ್ಲ' ಎಂದು ಒಂದೇ ವರಾತ. ಲೋಕವೆಲ್ಲ ಕಾದು ಕೂತಿತು. ಅಂದಹಾಗೆ 2000ದ ಸಿಡ್ನಿಯಲ್ಲಿ ಅಮೆರಿಕಕ್ಕೆ 4x100 ರಿಲೇ ಚಿನ್ನ ತಂದ ನಾಲ್ವರಲ್ಲಿ ಈತನೂ ಒಬ್ಬ. ಆಮೇಲೆ 2024ರ ಪ್ಯಾರಿಸ್‌ವರೆಗೂ ಅವರ ಗಂಡಸರಿಗೆ ಒಲಿಂಪಿಕ್ಸಿನಲ್ಲಿ ಆ ಚಿನ್ನ ಸಿಕ್ಕಿಲ್ಲ. ಭೂಮಿಯ ಮೇಲಿನ ಅತಿ ವೇಗದ ಕಾಲುಗಳು, ಒಂದು ಬೇಟನ್ ದಾಟಿಸಲು ಬಾರದ ಕೈಗಳು. ಅವರನ್ನು ಹೊರಹಾಕಲು ಸೆನ್ಸರ್ ಬೇಕಿಲ್ಲ, ಅವರೇ ಸಾಕು.

ಆಲೆನ್ ಮಲಗಲಿಲ್ಲ. ಸ್ವಲ್ಪ ಹೊತ್ತು ವಾದಿಸಿ ಹೊರಟುಹೋದ. ಓದಿ, ಓಡಿ ಬೆಳೆದ ತನ್ನದೇ ವಿಶ್ವವಿದ್ಯಾಲಯದ ಮೈದಾನವದು. ಹಿಂದಿನ ತಿಂಗಳಷ್ಟೇ 12.84 ಸೆಕೆಂಡಿಗೆ ಓಡಿದ್ದ, ಆ ಫೈನಲ್ ಗೆದ್ದದ್ದು 13.03ಕ್ಕೆ. ಸೆಮಿಫೈನಲ್ಲಿನಲ್ಲಿ ಆತನ ಲೆಕ್ಕ 0.101, ಅದು ಪಾಸು. ಅದೇ ಕಿವಿ, ಅದೇ ಕಾಲು. ಇದರಲ್ಲಿ ನಗುವಂಥದ್ದೇನೂ ಇಲ್ಲ ಮಾರಾಯರೇ. ತಾವೇ ಮಾಡಿಸಿದ ವರದಿಗೆ ಬೆಲೆ ಕೊಡದ ಜನ ಒಬ್ಬನ ವರ್ಷಗಟ್ಟಲೆಯ ದುಡಿಮೆಗೆ ಸೊನ್ನೆ ಸುತ್ತಿದರು. ಓಡಲು ಬಿಟ್ಟು ಆಮೇಲೆ ವಿಚಾರಣೆ ಮಾಡಬಹುದಿತ್ತು. ಅಷ್ಟಕ್ಕೂ ತಾಳ್ಮೆಯಿಲ್ಲ.