ಬಳೇಪೇಟೆಯ ಗಿಟಾರ್, ಫ್ಯೂರ್ತ್‌ನ ಗಿಟಾರ್

ನನ್ನ ಮೊದಲ ಗಿಟಾರ್ ಕೊಂಡಿದ್ದು ಬೆಂಗಳೂರಿನ ಬಳೇಪೇಟೆಯಲ್ಲಿ. ಎರಡನೆಯದು ಸಿಕ್ಕಿದ್ದು ಜರ್ಮನಿಯ ಫ್ಯೂರ್ತ್ ಊರಿನಲ್ಲಿ, ಒಬ್ಬ ಹಿರಿಯರ ಅಡುಗೆಮನೆಯಲ್ಲಿ. ಎರಡರ ನಡುವೆ ಹದಿನಾಲ್ಕು ವರ್ಷ.

ಬಳೇಪೇಟೆಗೆ ನಮ್ಮ ಮೇಷ್ಟ್ರು ಜೊತೆಗೆ ಬಂದಿದ್ದರು. ಅಂಗಡಿಯವರು ಮೇಲಿನ ಸಾಲಿನಿಂದ ನಾಲ್ಕು ಗಿಟಾರ್ ಇಳಿಸಿದರು. ನಾನು ಮುಟ್ಟಲಿಲ್ಲ, ಮುಟ್ಟಬಹುದು ಅಂತಲೂ ಅನ್ನಿಸಲಿಲ್ಲ. ಮೇಷ್ಟ್ರು ಒಂದೊಂದರ ಕತ್ತನ್ನೂ ಕಣ್ಣಿನ ನೇರಕ್ಕೆ ಹಿಡಿದು ಬಾಗಿದೆಯಾ ಅಂತ ನೋಡಿದರು. ಹನ್ನೆರಡನೇ ಫ್ರೆಟ್, ಅಂದರೆ ಕತ್ತಿನ ಮೇಲಿನ ಅಡ್ಡ ಪಟ್ಟಿ, ಅದರ ಹತ್ತಿರ ತಂತಿ ಒತ್ತಿ ಮೀಟಿದರು. ಆಮೇಲೆ ಅದೇ ಜಾಗದಲ್ಲಿ ತಂತಿಗೆ ಬೆರಳು ಸುಮ್ನೆ ತಾಕಿಸಿ ಮೀಟಿದರು. ಎರಡೂ ಸ್ವರ ಕೂಡಿಬರಬೇಕು. ಮೂರನೇ ಗಿಟಾರ್‌ನಲ್ಲಿ ಕೂಡಿಬಂತು. "ಇದನ್ನು ತಗೊಳ್ಳಪ್ಪ, ಮಿಕ್ಕಿದ್ದೆಲ್ಲ ಬಣ್ಣ ಅಷ್ಟೇ" ಅಂದರು. ಅಪ್ಪ ದುಡ್ಡು ಎಣಿಸಿ ಕೊಟ್ಟರು. ಆ ಗಿಟಾರ್ ಇವತ್ತಿಗೂ ಮೈಸೂರಿನ ಮನೆಯಲ್ಲಿದೆ, ಅಕ್ಕನ ಮಗ ನುಡಿಸುತ್ತಾನೆ.

ಈಗ ನಾನಿರುವುದು ಫ್ಯೂರ್ತ್ ಹತ್ತಿರದ ಎರ್ಲಾಂಗೆನ್‌ನಲ್ಲಿ. ಎರಡು ಕೋಣೆಯ ಬಾಡಿಗೆ ಮನೆ. ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಇಡೀ ದಿನ ಮೆತ್ತಗಿರಬೇಕು. ಕೆಲಸ ಮುಗಿಸಿ, ಊಟ ಮಾಡಿ, ಮಗಳನ್ನು ಮಲಗಿಸಿ ಕೂರುವ ಹೊತ್ತಿಗೆ ಹತ್ತಾಗಿರುತ್ತದೆ. ಹಾಗಾಗಿ ರಾತ್ರಿ ಹೆಡ್‌ಫೋನಿನಲ್ಲಿ ನುಡಿಸಲು ಎಲೆಕ್ಟ್ರಿಕ್ ಬೇಕು. ನವೆಂಬರ್‌ನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ ಬಂದರೆ ಭಾವಗೀತೆಗೆ ಅಕೌಸ್ಟಿಕ್, ಅಂದರೆ ಮರದ ಪೆಟ್ಟಿಗೆಯ ಗಿಟಾರಿನ ದನಿ ಬೇಕು. ಎರಡು ಗಿಟಾರ್ ಇಡಲು ಜಾಗವೂ ಇಲ್ಲ, ಅದಕ್ಕೆ ಹಾಕುವಷ್ಟು ದುಡ್ಡೂ ಇರಲಿಲ್ಲ. ಎರಡೂ ದನಿ ಒಂದರಲ್ಲೇ ಸಿಗುವ ಹೈಬ್ರಿಡ್ ಗಿಟಾರ್ ಹುಡುಕಿದ್ದು ಹೀಗೆ.

ಇದರ ಗುಟ್ಟು ಸರಳ. ಎಲೆಕ್ಟ್ರಿಕ್ ದನಿಗೆ ತಂತಿಯ ಕೆಳಗೆ ಅಯಸ್ಕಾಂತದ ಪಿಕಪ್ ಇರುತ್ತದೆ, ಉಕ್ಕಿನ ತಂತಿ ಅಲುಗಿದ್ದನ್ನು ಅದು ಹಿಡಿಯುತ್ತದೆ. ಅಕೌಸ್ಟಿಕ್ ದನಿಗೆ ಬ್ರಿಡ್ಜ್‌ನಲ್ಲಿ, ಅಂದರೆ ವೀಣೆಯವರು ಕುದುರೆ ಅನ್ನುತ್ತಾರಲ್ಲ ಅಲ್ಲಿ, ಪೀಜೋ ಪಿಕಪ್ ಇರುತ್ತದೆ. ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ಹರಳಿನ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು, ಇಲ್ಲಿ ಕೆಲಸ ಮಾಡುವುದು ಅದೇ. ಪೀಜೋದಿಂದ ಬರುವ ಸಿಗ್ನಲ್ ನೇರವಾಗಿ ಆಂಪ್‌ಗೆ ಸರಿಹೊಂದುವುದಿಲ್ಲ. ಅದಕ್ಕೇ ಒಳಗೊಂದು ಪ್ರೀಆಂಪ್, ಅಂದರೆ ಸಿಗ್ನಲನ್ನು ಸರಿಹೊಂದಿಸುವ ಪುಟ್ಟ ಸರ್ಕ್ಯೂಟ್, ಅದಕ್ಕೆ ಸಾಮಾನ್ಯವಾಗಿ 9 ವೋಲ್ಟ್ ಬ್ಯಾಟರಿ. ತಂತಿಯ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅಕೌಸ್ಟಿಕ್‌ಗೆ ಹಾಕುವ ಬ್ರಾಂಝ್ ಸುತ್ತಿದ ತಂತಿಯನ್ನೇ ಇದಕ್ಕೂ ಹಾಕಿದರೆ ದಪ್ಪ ತಂತಿಗಳು ಅಯಸ್ಕಾಂತದ ಪಿಕಪ್‌ಗೆ ಸರಿಯಾಗಿ ಕೇಳಿಸುವುದಿಲ್ಲ, ಬ್ರಾಂಝ್‌ಗೆ ಆ ಗುಣವಿಲ್ಲ. ನಿಕ್ಕಲ್ ಸುತ್ತಿದ್ದು ಹಾಕಬೇಕು.

ಬೆಲೆ ನೋಡಿ ಮೊದಲು ಕೈ ಚೆಲ್ಲಿದ್ದೆ. ಫೆಂಡರ್‌ನವರ ಹೈಬ್ರಿಡ್ ಗಿಟಾರ್ ಅಕೌಸ್ಟಸಾನಿಕ್ ಟೆಲಿಕ್ಯಾಸ್ಟರ್ 2019ರಲ್ಲಿ ಬಂದಾಗ 1,999 ಡಾಲರ್. 2023ರಲ್ಲಿ ಮೆಕ್ಸಿಕೊದಲ್ಲಿ ತಯಾರಾದ ಪ್ಲೇಯರ್ ಮಾದರಿ ಬಂತು, ಅದೂ 1,199 ಡಾಲರ್. ಟೇಲರ್‌ನ ಟಿ5 ಇನ್ನೂ ಮೊದಲೇ, 2005ರಲ್ಲೇ ಬಂದಿತ್ತು. ಅದರ ಬೆಲೆಯೂ ನನ್ನ ಜೇಬಿನ ಮಾತಲ್ಲ.

ಎರ್ಲಾಂಗೆನ್‌ನಿಂದ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆ ಹೋದರೆ ಟ್ರೆಪ್ಪೆಂಡಾರ್ಫ್ ಅನ್ನುವ ಹಳ್ಳಿ. 1954ರಲ್ಲಿ ಶುರುವಾದ ಥೋಮನ್ ಅಂಗಡಿ ಇರುವುದು ಅಲ್ಲೇ. ಸುತ್ತಲೂ ಹೊಲ, ಮಧ್ಯದಲ್ಲಿ ಗೋಡೆ ತುಂಬ ಗಿಟಾರ್. ಯಾವುದನ್ನು ಬೇಕಾದರೂ ಇಳಿಸಿ, ಆಂಪ್‌ಗೆ ಹಾಕಿ ನುಡಿಸಬಹುದು. "ತಗೊಳ್ತೀರಾ?" ಅಂತ ಯಾರೂ ಕೇಳುವುದಿಲ್ಲ. ಮೊದಲ ಸಲ ಹೋದಾಗ ನನ್ನ ಕೈ ಗಿಟಾರ್ ಹತ್ತಿರ ಹೋಗಿ ನಿಂತುಬಿಟ್ಟಿತ್ತು, ಬಳೇಪೇಟೆಯ ಅಭ್ಯಾಸ. ಆಮೇಲೆ ಎರಡೂವರೆ ಗಂಟೆ ಕೂತೆ. ಮನೆಗೆ ತರಿಸಿಕೊಂಡು ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಕಳಿಸಬಹುದು.

ಈ ಸ್ವಾತಂತ್ರ್ಯ ನಮ್ಮಲ್ಲೂ ಬರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಕಲಿಯುವ ಹುಡುಗನ ಕೈಗೆ ವಾದ್ಯ ಕೊಡದೆ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ. ಅದರಲ್ಲೂ ಹೈಬ್ರಿಡ್ ಗಿಟಾರನ್ನು ನೋಡಿ, ಬೋರ್ಡ್ ಓದಿ ಕೊಳ್ಳಲು ಆಗುವುದೇ ಇಲ್ಲ. ಕಡಿಮೆ ಬೆಲೆಯದರಲ್ಲಿ ಪೀಜೋ ಮೆಲ್ಲಗೆ ಮೀಟಿದಾಗ ಚೆನ್ನಾಗಿರುತ್ತದೆ. ಜೋರಾಗಿ ಸ್ಟ್ರಮ್ ಮಾಡಿದ ತಕ್ಷಣ ಪ್ಲಾಸ್ಟಿಕ್ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಆ ಹೊತ್ತಿಗೆ ಹೆಡ್‌ಫೋನ್ ನಿಮ್ಮ ಕಿವಿಯಲ್ಲೇ ಇರಬೇಕು.

ಆದರೆ ವಾಪಸ್ ಕೊಡುವ ಸೌಲಭ್ಯಕ್ಕೆ ಇನ್ನೊಂದು ಮುಖವೂ ಇದೆ. ನನ್ನ ಸಹೋದ್ಯೋಗಿಯೊಬ್ಬರು ಮೂರು ಗಿಟಾರ್ ಒಟ್ಟಿಗೆ ತರಿಸಿ, ಎರಡನ್ನು ಕಳಿಸಿ, ಉಳಿದದ್ದನ್ನು ಇಟ್ಟುಕೊಂಡರು. ಅದೂ ಮನಸ್ಸಿಗೆ ಹತ್ತಲಿಲ್ಲ. ಕಿವಿ ಬೆಳೆಯದೆ ಎಷ್ಟು ಬದಲಿಸಿದರೂ ಅಷ್ಟೇ. ಮೇಷ್ಟ್ರು ಹತ್ತು ನಿಮಿಷದಲ್ಲಿ ಮಾಡಿದ ಕೆಲಸವನ್ನು 30 ದಿನ ಮಾಡುವುದಿಲ್ಲ. ಟ್ರೆಪ್ಪೆಂಡಾರ್ಫ್‌ನಲ್ಲಿ ಆ ಎರಡೂವರೆ ಗಂಟೆ ಆದಮೇಲೂ ನಾನು ಬರಿಗೈಲಿ ವಾಪಸ್ ಬಂದೆ. ಎಲ್ಲವೂ ಚೆನ್ನಾಗಿದ್ದವು, ಯಾವುದು ನನ್ನದು ಅಂತ ಹೇಳುವವರು ಪಕ್ಕದಲ್ಲಿ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಹಳೆಯದು, ಕೆನಡಾದ ಗೋಡಿನ್ ಎ6 ಅಲ್ಟ್ರಾ. ಫ್ಯೂರ್ತ್‌ನ ಆ ಹಿರಿಯರು ಆನ್‌ಲೈನ್‌ನಲ್ಲಿ ಹಾಕಿದ್ದರು, 650 ಯೂರೋಗೆ. ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಗಿಟಾರ್ ಮಲಗಿಸಿದ್ದರು. ನಾನು ಕೇಳುವ ಮೊದಲೇ ಅದರ ಕುಂದುಗಳನ್ನು ತೋರಿಸಿದರು. ಅಂಚಿನಲ್ಲಿ ಉಗುರಿನಷ್ಟು ಪಾಲಿಶ್ ಕಿತ್ತಿದೆ. ಎರಡನೇ ಫ್ರೆಟ್ ಸವೆದಿದೆ. ಬ್ಯಾಟರಿ ನಿನ್ನೆ ಬದಲಿಸಿದ್ದು. ಪುಟ್ಟ ಆಂಪ್‌ಗೆ ಜಾಕ್ ಹಾಕಿ ಕೈಗೆ ಕೊಟ್ಟು, ತಾವು ಕಿಟಕಿ ಹತ್ತಿರ ಹೋಗಿ ನಿಂತರು. ನಾನು ಮೇಷ್ಟ್ರ ಹಾಗೆ ಕತ್ತು ನೋಡಿದೆ, ಹನ್ನೆರಡನೇ ಫ್ರೆಟ್ ನೋಡಿದೆ. ಆಮೇಲೆ ಪೀಜೋ ಮಾತ್ರ, ಕತ್ತಿನ ಹತ್ತಿರದ ಪಿಕಪ್ ಮಾತ್ರ, ಕೊನೆಗೆ ಎರಡೂ ಬೆರೆಸಿ. ಆ ಬೆರೆತ ದನಿ ಕೇಳಿದ ಮೇಲೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ನಮ್ಮಲ್ಲಿ ಹಳೇ ವಾದ್ಯ ಅಂದರೆ ತುಂಬಾ ಮನೆಗಳಲ್ಲಿ ಮೂಗು ಮುರಿಯುತ್ತಾರೆ. "ಮಗುವಿಗೆ ಹಳೇದು ಯಾಕೆ ಕೊಡಿಸ್ತೀಯಾ?" ಅಂತ. ಅಜ್ಜಿಯ ವೀಣೆಗೆ ಮಾತ್ರ ಕೈ ಮುಗಿಯುತ್ತೇವೆ ಅಲ್ವಾ? ಗಿಟಾರ್ ಕೂಡ ಮರವೇ. ಎರ್ಲಾಂಗೆನ್ ಪಕ್ಕದಲ್ಲೇ ಬೂಬೆನ್‌ರಾಯ್ತ್ ಅನ್ನುವ ಊರಿದೆ. ಎರಡನೇ ಮಹಾಯುದ್ಧದ ನಂತರ ಬೊಹೀಮಿಯಾದ (ಇಂದಿನ ಚೆಕ್ ದೇಶದ) ಷೋನ್‌ಬಾಖ್‌ನಿಂದ ಹೊರದಬ್ಬಿಸಿಕೊಂಡ ಪಿಟೀಲು, ಗಿಟಾರ್ ಮಾಡುವ ಕುಟುಂಬಗಳು 1949ರಿಂದ ಅಲ್ಲಿ ನೆಲೆ ನಿಂತವು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಕಾಣುವ ಹೋಫ್ನರ್ ಬಾಸ್ ಗಿಟಾರ್ ತಯಾರಾದದ್ದು ಅಲ್ಲೇ. ಇಲ್ಲಿನ ಜನ ಹಳೇ ವಾದ್ಯವನ್ನು ಹೀಗೆ ಜೋಪಾನ ಮಾಡಿ ದಾಟಿಸುವುದನ್ನು ನೋಡಿದಾಗ ನನಗೆ ಆ ಕುಟುಂಬಗಳು ನೆನಪಾಗುತ್ತವೆ.

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಅವನಿಗೂ ಹೈಬ್ರಿಡ್ ಬೇಕಂತೆ, ಕಾಲೇಜಿನ ಬ್ಯಾಂಡಿಗೆ. ಕೈಯಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ. ಆ ದುಡ್ಡಿಗೆ ಹೊಸ ಹೈಬ್ರಿಡ್ ಹಿಂದೆ ಬೀಳಬೇಡ, ಒಳ್ಳೆಯ ಎಲೆಕ್ಟ್ರಿಕ್ ತಗೊಂಡು ಅದರ ದನಿಯನ್ನು ಅಕೌಸ್ಟಿಕ್ ಹಾಗೆ ಕೇಳಿಸುವ ಸಿಮ್ಯುಲೇಟರ್ ಪೆಡಲ್ ಒಂದು ಹಾಕಿಕೋ, ಇಲ್ಲವೇ ಹಳೆಯದು ಹುಡುಕು ಅಂದೆ. ಯಾವುದೇ ಆಗಲಿ ಜಾಕ್ ಹಾಕಿ ನುಡಿಸಿ ನೋಡು, ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

"ಮಾಮ, ಒಬ್ಬನೇ ಹೋಗ್ಲಾ?" ಅಂದ.

ಮೇಷ್ಟ್ರ ನಂಬರ್ ಕೊಟ್ಟೆ. ಅವರಿಗೀಗ ಎಪ್ಪತ್ತೊಂದು. ಭಾನುವಾರ ಇಬ್ಬರೂ ಬಳೇಪೇಟೆಗೆ ಹೋಗಿ ಬಂದರಂತೆ. ಇನ್ನೂ ಕೊಂಡಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತಾರಂತೆ.