ಎರಡು ಕೆ.ಜಿ. ರಸಪುರಿ

2025ರ ಏಪ್ರಿಲ್‌ನಿಂದ ಮೇ ಕೊನೆಯವರೆಗೆ ನಮ್ಮ ಫ್ರಿಡ್ಜಿನ ಬಾಗಿಲ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಎರಡು ಚೀಟಿಗಳು ಅಂಟಿಕೊಂಡಿದ್ದವು. ಒಂದರಲ್ಲಿ ನನ್ನ ಅಕ್ಷರದಲ್ಲಿ ‘ಫ್ರೀರೆನ್’, ಇನ್ನೊಂದರಲ್ಲಿ ಅಕ್ಕನ ಮಗನ ಕಾಗೆ ಕಾಲಿನ ಅಕ್ಷರದಲ್ಲಿ ‘ಸೋಲೋ ಲೆವೆಲಿಂಗ್’. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳನ್ನು, ಇಂಟರ್ನೆಟ್ಟಿನಲ್ಲಿ ತೋರಿಸುವ ಕ್ರಂಚಿರೋಲ್‌ನವರು ಟೋಕಿಯೋದಲ್ಲಿ ಕೊಡುವ ಅನಿಮೆ ಪ್ರಶಸ್ತಿಗಳಲ್ಲಿ ‘ವರ್ಷದ ಅನಿಮೆ’ ಯಾವುದಾಗುತ್ತದೆ ಅನ್ನುವುದು ನಮ್ಮಿಬ್ಬರ ಪಂದ್ಯ. ಸೋತವರು ಎರಡು ಕೆ.ಜಿ. ರಸಪುರಿ ತರಬೇಕು. ಬಂದವರು ಚೀಟಿ ನೋಡಿ ಏನಿದು ಅಂತ ಕೇಳಿದರೆ ಅಮ್ಮ, “ಯಾವುದೋ ಮಾತ್ರೆ ಹೆಸರು ಕಣ್ರೀ, ದಿನಾ ಮರೀತಾರೆ” ಅಂತ ಸಾಗಹಾಕುತ್ತಿದ್ದಳು.

ಪಂದ್ಯ ಕಟ್ಟುವ ಮುಂಚೆ ನಾನು ಓದಿಕೊಂಡಿರಲಿಲ್ಲ ಅಂತಲ್ಲ. ಹಿಂದಿನ ಗೆಲುವುಗಳನ್ನೆಲ್ಲ ಪಂಚಾಂಗ ತಿರುವಿದ ಹಾಗೆ ತಿರುವಿದ್ದೆ. ಮೊದಲ ಸಲ, 2017ರ ಜನವರಿಯಲ್ಲಿ ಗೆದ್ದದ್ದು ‘ಯೂರಿ ಆನ್ ಐಸ್’. ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವವರ ಕಥೆ. ಆಗಷ್ಟೇ ಡಿಸೆಂಬರ್‌ನಲ್ಲಿ ಮುಗಿದಿತ್ತು. 2021ರ ಫೆಬ್ರವರಿಯಲ್ಲಿ ‘ಜುಜುತ್ಸು ಕೈಸೆನ್’ ಗೆದ್ದಾಗ ಅದರ ಮೊದಲ ಸೀಸನ್ ಇನ್ನೂ ಓಡುತ್ತಲೇ ಇತ್ತು. 2024ರಲ್ಲಿ ಅದರದ್ದೇ ಎರಡನೇ ಸೀಸನ್ ಗೆದ್ದಾಗಲೂ ಜನ ಕೊನೆಯ ಎಪಿಸೋಡಿನ ಸೂತಕದಿಂದ ಹೊರಗೆ ಬಂದಿರಲಿಲ್ಲ. ನಡುವೆ 2022ರಲ್ಲಿ ‘ಅಟ್ಯಾಕ್ ಆನ್ ಟೈಟನ್’ನ ಕೊನೆಯ ಸೀಸನ್. ಈ ನಾಲ್ಕನ್ನೂ ಮಾಡಿದ್ದು ಒಂದೇ ಸ್ಟುಡಿಯೋ, ಮಾಪಾ. ಹಾಗಾಗಿ ಹಳೇ ಲೆಕ್ಕದಲ್ಲಿ ಎರಡು ಸೂತ್ರ ಸಿಗುತ್ತವೆ: ಮಾಪಾದ್ದು ಅಂದರೆ ಕಣ್ಣು ಮುಚ್ಚಿ ಹೂಂ ಅನ್ನು, ಓಟಿನ ಹೊತ್ತಿಗೆ ಬಿಸಿಯಾಗಿರುವುದನ್ನು ನಂಬು.

ಈ ಸಲದ ಆರು ಸ್ಪರ್ಧಿಗಳಲ್ಲಿ ಮಾಪಾದ್ದು ಒಂದೂ ಇರಲಿಲ್ಲ. ಉಳಿದದ್ದು ಎರಡನೇ ಸೂತ್ರ. ಅದರ ಪ್ರಕಾರ ನನ್ನ ಫ್ರೀರೆನ್ ಹಳಸಲು. 2023ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ 28 ಎಪಿಸೋಡ್ ಓಡಿ 2024ರ ಮಾರ್ಚ್‌ಗೆ ಮುಗಿದಿತ್ತು. ಸೋಲೋ ಲೆವೆಲಿಂಗ್‌ನ ಸ್ಪರ್ಧೆಯಲ್ಲಿದ್ದ ಮೊದಲ ಸೀಸನ್ ಕೂಡ ಆ ಮಾರ್ಚ್‌ಗೇ ಮುಗಿದದ್ದು ನಿಜ. ಆದರೆ ಅದರ ಎರಡನೇ ಸೀಸನ್ 2025ರ ಮಾರ್ಚ್ ಕೊನೆಗೆ ಮುಗಿಯಿತು, ಏಪ್ರಿಲ್‌ನಲ್ಲಿ ಓಟಿಂಗ್. ಅಣ್ಣ ಪರೀಕ್ಷೆ ಬರೆದಿದ್ದಾನೆ, ತಮ್ಮ ಬಂದು ಬಾಗಿಲಲ್ಲಿ ನಿಂತು ಶಿಳ್ಳೆ ಹೊಡೆಯುತ್ತಿದ್ದಾನೆ. ನಾನು ಹಿಡಿದುಕೊಂಡ ಹುಲ್ಲುಕಡ್ಡಿ ಒಂದೇ: ‘ಡೆವಿಲ್‌ಮನ್ ಕ್ರೈಬೇಬಿ’. 2018ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಹತ್ತೂ ಎಪಿಸೋಡ್ ಒಟ್ಟಿಗೆ ಬಂದು, ವರ್ಷ ಕಳೆದ ಮೇಲೂ 2019ರ ಫೆಬ್ರವರಿಯಲ್ಲಿ ಗೆದ್ದಿತ್ತಲ್ಲ!

ಬುದ್ಧಿ ಹೇಳಿದ್ದನ್ನು ಕೈ ಬರೆಯಲಿಲ್ಲ ಅಂದರೆ ಅದಕ್ಕೆ ಆ ಮೊದಲ ಎಪಿಸೋಡೇ ಕಾರಣ. ಸಾಮಾನ್ಯವಾಗಿ ಕಥೆ ಮುಗಿಯುವ ಕಡೆ ಇದು ಶುರುವಾಗುತ್ತದೆ. ರಾಕ್ಷಸ ರಾಜನನ್ನು ಕೊಂದಾಯಿತು, ನಾಲ್ವರು ಊರಿಗೆ ಮರಳಿದ್ದಾರೆ. ಅವರಲ್ಲಿ ಫ್ರೀರೆನ್ ಸಾವಿರಕ್ಕೂ ಹೆಚ್ಚು ವರ್ಷ ಬದುಕಿದ ಎಲ್ಫ್, ಮನುಷ್ಯರಂತೆ ಬೇಗ ಮುಪ್ಪಾಗದ ಕುಲದವಳು. ಆಕಾಶದಲ್ಲಿ ಉಲ್ಕೆಗಳು ಸುರಿಯುವುದನ್ನು ನೋಡಿ, ಮುಂದಿನ ಸಲ ಐವತ್ತು ವರ್ಷಕ್ಕೆ ಸಿಗೋಣ ಅಂತ, ಮುಂದಿನ ಭಾನುವಾರ ಬರುತ್ತೀನಿ ಅನ್ನುವಷ್ಟು ಸಲೀಸಾಗಿ ಹೇಳಿ ಹೋಗುತ್ತಾಳೆ. ಹೇಳಿದ ಹಾಗೇ ಬರುತ್ತಾಳೆ. ಆ ನಾಲ್ವರಲ್ಲಿ ನೀಲಿ ಕೂದಲಿನ ಚೆಲುವನಾಗಿದ್ದ ಹಿಮೆಲ್ ಈಗ ಬೋಳುತಲೆಯ ಕುಳ್ಳ ಮುದುಕ. ಸ್ವಲ್ಪ ದಿನಕ್ಕೆ ಅವನು ಸಾಯುತ್ತಾನೆ. ಮಣ್ಣಿನ ಹೊತ್ತಿನಲ್ಲಿ, ಇವಳು ಒಂದು ಹನಿ ಕಣ್ಣೀರೂ ಹಾಕಲಿಲ್ಲವಲ್ಲ ಅಂತ ಜನ ಗುಸುಗುಸು ಅನ್ನುತ್ತಾರೆ. ಹತ್ತು ವರ್ಷ ಜೊತೆಗೆ ತಿರುಗಿದೆ, ಇವನ ಬಗ್ಗೆ ನನಗೇನೂ ಗೊತ್ತೇ ಇಲ್ಲ ಅನ್ನುವುದು ಆಗ ಅವಳಿಗೆ ಹೊಳೆಯುತ್ತದೆ, ಅಳು ಬರುತ್ತದೆ. ಇದನ್ನು ನೋಡಿದ ರಾತ್ರಿ ನಾನು ಏಳೆಂಟು ವರ್ಷದಿಂದ ಮಾತಾಡಿಸದ ಒಬ್ಬ ಗೆಳೆಯನಿಗೆ ಹನ್ನೊಂದೂವರೆಗೆ ಫೋನ್ ಮಾಡಿದೆ. ಅವನು ಗಾಬರಿಯಾಗಿ ಕೇಳಿದ್ದು, “ಯಾರು ಹೋದ್ರು?”

ಅಕ್ಕನ ಮಗನದು ಬೇರೆ ಲೋಕ. ಸೋಲೋ ಲೆವೆಲಿಂಗ್‌ನ ಸುಂಗ್ ಜಿನ್‌ವೂ ಎಲ್ಲರಿಗಿಂತ ದುರ್ಬಲ ಬೇಟೆಗಾರ. ಸಾವಿನ ಬಾಯಿಂದ ಉಳಿದು ಬಂದ ಮೇಲೆ ಅವನ ಕಣ್ಣೆದುರು ಗೇಮಿನಂತೆ ಒಂದು ಫಲಕ ತೆರೆದುಕೊಂಡು ದಿನದ ಕೆಲಸ ಹಚ್ಚುತ್ತದೆ: ನೂರು ದಂಡ, ನೂರು ಬಸ್ಕಿ, ಹತ್ತು ಕಿಲೋಮೀಟರ್ ಓಟ. ಈ ಹುಡುಗನೂ ಹಾಲ್‌ನಲ್ಲಿ ಶುರು ಮಾಡಿದ. ಹನ್ನೊಂದನೇ ದಂಡಕ್ಕೆ ಮೂಗು ನೆಲ ಮುಟ್ಟಿ ಅಲ್ಲೇ ಉಳಿಯಿತು. “ಮಾಮಾ, ನಿಮ್ದು ಅಳೋ ಅನಿಮೆ. ಜನ ಅಳೋದನ್ನ ಮೆಚ್ಕೋತಾರೆ, ಓಟು ಹಾಕೋದು ಹೊಡೆದಾಟಕ್ಕೆ” ಅಂದ, ಮಲಗಿದಲ್ಲಿಂದಲೇ. ಅವನಿಗೆ ಹದಿನಾರು ವರ್ಷ.

ಓಟಿನ ವಿಚಾರಕ್ಕೆ ಬಂದರೆ, ಅಲ್ಲಿನ ಪದ್ಧತಿಯೇ ವಿಚಿತ್ರ. ತೀರ್ಪುಗಾರರೂ ಇರುತ್ತಾರೆ, ಅಭಿಮಾನಿಗಳೂ ಓಟು ಹಾಕುತ್ತಾರೆ. ಅಭಿಮಾನಿ ಒಂದು ಸಲ ಹಾಕಿ ಸುಮ್ಮನಾಗಬೇಕಿಲ್ಲ, ಓಟಿಂಗ್ ಮುಗಿಯುವವರೆಗೆ ದಿನಾ ಹಾಕಬಹುದು. ನಮ್ಮಲ್ಲಿ ಇದಕ್ಕೆ ಕಳ್ಳ ಓಟು ಅನ್ನುತ್ತೇವೆ, ಅಲ್ಲಿ ನಿಷ್ಠೆ ಅನ್ನುತ್ತಾರೆ. ನಮ್ಮ ಮೈಸೂರಿನ ಶಾಯಿಯನ್ನು ಒಂದು ಡಬ್ಬಿ ಕಳಿಸಿದ್ದರೆ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತಿತ್ತೋ. ಆ ವರ್ಷ ಬಿದ್ದದ್ದು 5 ಕೋಟಿ 10 ಲಕ್ಷಕ್ಕೂ ಹೆಚ್ಚು ಓಟು. ಅದರಲ್ಲಿ ಹನ್ನೆರಡು ನನ್ನವು, ದಿನಕ್ಕೊಂದರಂತೆ, ಬೆಳಗಿನ ಕಾಫಿ ಜೊತೆ. ಒಂದು ದಿನ ಅಮ್ಮನ ಫೋನಿನಿಂದಲೂ ಒಂದು ಹಾಕಿಸಿದೆ. ನಾನು ತಿರುಗುವಷ್ಟರಲ್ಲಿ ಅಕ್ಕನ ಮಗ ಅದೇ ಫೋನು ಇಸಕೊಂಡಿದ್ದ. ಅವಳು ಯಾರಿಗೆ ಹಾಕಿದಳೋ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇದೆಲ್ಲ ಮಕ್ಕಳಾಟ ಅಂತ ಮೂಗು ಮುರಿಯುತ್ತಿದ್ದ ಅಕ್ಕ ಮೆತ್ತಗಾದದ್ದು ಅದರ ಹಿಂದಿನ ವರ್ಷ. 2024ರ ಮಾರ್ಚ್‌ನ ಸಮಾರಂಭದಲ್ಲಿ ಪ್ರಶಸ್ತಿ ಕೊಡಲು ವೇದಿಕೆ ಹತ್ತಿದವರಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣನೂ ಇದ್ದಳು. “ಓ, ವಿರಾಜಪೇಟೆಯವಳು!” ಅಂತ ಅಕ್ಕ ಕುಕ್ಕರ್ ಬಿಟ್ಟು ಬಂದು ನಿಂತಳು. ಆಮೇಲೆ ಯಾರು ಗೆದ್ದರು ಅಂತ ಮಾತ್ರ ಕೇಳಲಿಲ್ಲ.

ಮೇ 25, ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ನೇರಪ್ರಸಾರದ ಮುಂದೆ ಕೂತೆವು. ಸೋಲೋ ಲೆವೆಲಿಂಗ್ ಒಂದಾದ ಮೇಲೊಂದು ಬಾಚಿಕೊಳ್ಳುತ್ತಾ ಹೋಯಿತು. ಅತ್ಯುತ್ತಮ ಆಕ್ಷನ್, ಅತ್ಯುತ್ತಮ ಹೊಸ ಸರಣಿ, ಸಂಗೀತ, ನಾಯಕ ಪಾತ್ರ. ಕೊನೆಗೆ ‘ವರ್ಷದ ಅನಿಮೆ’ ಕೂಡ. ಒಟ್ಟು ಒಂಬತ್ತು. ಅಕ್ಕನ ಮಗ ಎದ್ದು ಕುಣಿಯಲಿಲ್ಲ, ಗೆಲ್ಲುವುದು ಗೊತ್ತಿದ್ದವನ ಹಾಗೆ ಕಾಲು ಚಾಚಿದ. ಅದೇ ಉರಿಸಿದ್ದು. ನನಗೂ ಗೊತ್ತಿತ್ತಲ್ಲ! ಗೊತ್ತಿದ್ದೂ ಬರೆಯದವನ ಸೋಲನ್ನು ಸೋಲು ಅನ್ನಬೇಕೋ ಮೊಂಡುತನ ಅನ್ನಬೇಕೋ. ಸೋಲೋ ಲೆವೆಲಿಂಗ್ ಅಂತ ಬರೆದು ಗೆದ್ದಿದ್ದರೆ ಆ ಹಣ್ಣು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುತ್ತಿತ್ತೇನೋ, ರಸಪುರಿ ಅಲ್ಲವೇ.

ಸಂಜೆ ಚೀಲ ಹಿಡಿದು ಹೊರಟವನು ಬಾಗಿಲಲ್ಲಿ ನಿಂತು ಒಂದು ವಾದ ಹೂಡಿದೆ. ಅತ್ಯುತ್ತಮ ನಿರ್ದೇಶಕ ಫ್ರೀರೆನ್‌ನ ಕೆಯಿಚಿರೋ ಸೈತೋ. ಅತ್ಯುತ್ತಮ ಡ್ರಾಮಾನೂ ನಮ್ಮದೇ. ಅಂದಮೇಲೆ ಅರ್ಧ ಕೆ.ಜಿ.ಯಾದರೂ ಕಡಿಮೆ ಮಾಡಬೇಕು.

ಅವನು ಫ್ರಿಡ್ಜಿನ ಮೇಲಿನ ನನ್ನ ಚೀಟಿ ಕಿತ್ತು ತಂದು, ಅದರ ಹಿಂದೆ ಬರೆದು ಕೈಗಿಟ್ಟ: ‘ಎರಡು ಕೆ.ಜಿ. ಹುಳಿ ಇರಬಾರದು.’