ಕುಡಿತ ಬಿಟ್ಟೋನ ತಟ್ಟೆಗೆ ರಮ್ ಹಾಕಿದ ಸ್ವೀಟು

ಎರಡು ದಿನ ಆಯ್ತು, ಇನ್ನೂ ಮೈ ಉರೀತಿದೆ, ಅದಕ್ಕೇ ಇಲ್ಲಿ ಕಕ್ಕೊಂಡ್ಬಿಡ್ತೀನಿ.

ನಮ್ಮಣ್ಣ ಕುಡಿಯೋದು ಬಿಟ್ಟು ಹದಿನಾಲ್ಕು ತಿಂಗಳು. ಅಪ್ಪನ್ನ ತಿಂದಿದ್ದು ಪ್ಯಾಕೆಟ್ ಸಾರಾಯಿ. 2007ರಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡ್ತಲ್ಲ, ಸದ್ಯ ಮುಗೀತು ಅಂದ್ಕೊಂಡ್ರೆ ಅಣ್ಣ ಟೆಟ್ರಾ ಪ್ಯಾಕ್ ನೈಂಟಿ ಹಿಡ್ಕೊಂಡ. ಬಿಡಿಸೋವಾಗ ಕೈ ನಡುಕ, ಫಿಟ್ಸು, ಗೋಡೆ ಮೇಲೆ ಹುಳ ಹರೀತಿದೆ ಅಂತ ರಾತ್ರಿಯೆಲ್ಲಾ ಕಿರುಚೋದು, ಆ ಪಾಡು ಶತ್ರುಗೂ ಬೇಡ. ಈಗ ಡಾಕ್ಟರು ಡೈಸಲ್ಫಿರಾಮ್ ಮಾತ್ರೆ ಬರೆದಿದಾರೆ, ದಿನಾ ಬೆಳಿಗ್ಗೆ ಅತ್ತಿಗೆ ಎದುರಿಗೇ ನಿಂತು ನುಂಗಿಸ್ತಾರೆ. ಅದರ ಮೇಲೆ ಸ್ವಲ್ಪ ಎಣ್ಣೆ ಒಳಗೆ ಹೋದ್ರೂ ಮುಖ ಕೆಂಪಾಗಿ ಎದೆ ಢವಢವ, ವಾಂತಿ, ಬಿಪಿ ಇಳಿದು ಆಸ್ಪತ್ರೆ ಸೇರ್ಬೇಕಾಗತ್ತೆ. ಕೆಮ್ಮಿನ ಸಿರಪ್ಪನ್ನೂ ಲೇಬಲ್ ಓದೇ ತರೋದು ನಾವು.

ಇಂಥೋನನ್ನ, ಕುಡಿತದ ವಿರುದ್ಧ ಜಾಗೃತಿ ಅಂತ ಫಂಡ್ ಎತ್ತೋ ಒಂದು ಸಂಸ್ಥೆಯೋರು ಫೋನ್ ಮೇಲೆ ಫೋನ್ ಮಾಡಿ ಕರೆಸಿದ್ರು. ಫೈವ್ ಸ್ಟಾರ್ ಹೋಟ್ಲು, ಒಂದು ಟೇಬಲ್‌ಗೆ ಒಂದು ಲಕ್ಷ ಅಂತೆ. ಅಣ್ಣಂಗೆ ಮೂರು ನಿಮಿಷ, 'ಸ್ವಲ್ಪ ಎಮೋಷನಲ್ ಆಗಿ ಹೇಳಿ ಸರ್' ಅಂತ ಬೇರೆ. ಅವನು ಅಳ್ಲಿಲ್ಲ, ಪಾಪ ಅವ್ರಿಗೆ ನಿರಾಸೆ ಆಗಿರ್ಬೇಕು.

ಊಟ ಆಯ್ತು, ತಿರಮಿಸು ಅನ್ನೋ ಇಟಲಿ ಸ್ವೀಟು ಬಂತು. ಅಣ್ಣ ಸ್ಪೂನ್ ಬಾಯಿ ಹತ್ರ ತಗೊಂಡೋನು ಹಾಗೇ ನಿಲ್ಲಿಸ್ಬಿಟ್ಟ. ಇಪ್ಪತ್ತು ವರ್ಷ ಕುಡಿದ ಮೂಗು ಅದು, ಸುಳ್ಳು ಹೇಳಲ್ಲ. ವೇಟರ್‌ನ ಕೇಳಿದ್ರೆ 'ಸ್ವಲ್ಪ ರಮ್ ಇದೆ ಮೇಡಂ, ಫ್ಲೇವರ್‌ಗೆ' ಅಂದ. ಆರ್ಗನೈಸರ್ ಹತ್ರ ಓಡಿದೆ, ಆಯಮ್ಮ ನಗ್ತಾ 'ಬೇಕ್ ಮಾಡೋವಾಗ ಎಲ್ಲಾ ಹಾರ್ಹೋಗಿರತ್ತೆ ಬಿಡಿ' ಅಂತಾಳೆ! ಅಲ್ಲಮ್ಮಾ ತಾಯಿ, ತಿರಮಿಸು ಬೇಯಿಸೋ ಐಟಮ್ಮೇ ಅಲ್ಲ, ಬೇಯಿಸಿದ್ರೂ ಪೂರ್ತಿ ಹಾರಲ್ಲ, ನೀನು ಯಾವ ಜಾಗೃತಿ ಮೂಡಿಸ್ತಿದೀಯ? ಕುಡಿತ ಬಿಟ್ಟೋರು ಹತ್ತು ಜನ ಊಟಕ್ಕೆ ಬರ್ತಾರೆ ಅಂತ ಗೊತ್ತಿದ್ದೂ ಮೆನು ಮೇಲೆ ಕಣ್ಣಾಡಿಸೋಕೆ ಒಬ್ಬರಿಗೂ ಪುರುಸೊತ್ತಿಲ್ವಾ, ಸ್ಟೇಜ್ ಹಿಂದೆ ಹೂವಿನ ಕಲರ್‌ಗೆ ಮಾತ್ರ ಅರ್ಧ ಗಂಟೆ ಜಗಳ ಆಡ್ತಿದ್ರಿ.

ಅಣ್ಣ ವಾರವಾರ ಹೋಗೋ ಎಎ, ಅಂದ್ರೆ ಕುಡಿತ ಬಿಡೋರು ಒಬ್ಬರಿಗೊಬ್ಬರು ಆಸರೆಯಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಮೀಟಿಂಗ್ ನಡೆಯೋದು ಚರ್ಚ್ ಹಿಂದಿನ ಒಂದು ರೂಮಲ್ಲಿ. ಪ್ಲಾಸ್ಟಿಕ್ ಚೇರು, ಟೀ, ಕೊನೆಗೆ ಒಂದು ಚೀಲ ಸುತ್ತು ಬರತ್ತೆ, ಹತ್ತೋ ಇಪ್ಪತ್ತೋ ಹಾಕ್ತಾರೆ. ಹೊರಗಿನೋರ ದುಡ್ಡು ಬೇಡ ಅನ್ನೋದೇ ಅವರ ಪದ್ಧತಿ. ಇನ್ನೊಂದು, ಅಲ್ಲಿ ಮೆಂಬರ್ ಹೆಸರು ಪೇಪರ್, ಟೀವಿ ಎಲ್ಲೂ ಬರಬಾರ್ದು. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಹೆಸರಲ್ಲೇ ಅನಾನಿಮಸ್ ಅಂತಿದೆ ಕಣ್ರೀ.

ಈ ಸಂಸ್ಥೆಯೋರು ಮಾರನೇ ದಿನ ಬೆಳಿಗ್ಗೆ ಏನ್ ಮಾಡಿದ್ರು ಗೊತ್ತಾ? ಅಣ್ಣ ದೊಡ್ಡ ರಟ್ಟಿನ ಚೆಕ್ ಹಿಡ್ಕೊಂಡಿರೋ ಫೋಟೋ, ಪೂರ್ತಿ ಹೆಸರು, ಕೆಲಸ ಮಾಡೋ ಕಡೆ, ಎಲ್ಲಾ ಇನ್‌ಸ್ಟಾಗೆ ಹಾಕಿದಾರೆ. ಒಂದ್ ಮಾತು ಕೇಳಿಲ್ಲ. ಅವನು ಈ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ, ಆಫೀಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಈಗ ಎಲ್ಲರಿಗೂ ಗೊತ್ತು. ತೆಗೀರಿ ಅಂತ ಮೂರು ಸಲ ಫೋನ್ ಮಾಡಿದೆ. 'ಮೇಡಂ, ತುಂಬಾ ಚೆನ್ನಾಗಿ ರೀಚ್ ಆಗ್ತಿದೆ, ಸೋಮವಾರ ಟೀಮ್ ಹತ್ರ ಮಾತಾಡ್ತೀವಿ' ಅಂತ ಉತ್ತರ.

ಇವತ್ತು ಶನಿವಾರ. ಅಣ್ಣ ರೂಮ್ ಬಾಗಿಲು ಹಾಕ್ಕೊಂಡು ಕೂತಿದಾನೆ, ಅತ್ತಿಗೆ ಆಚೆ ಬಾಗಿಲಲ್ಲೇ ಕೂತಿದಾರೆ.